ಕ್ರ್ಯಾಕ್ ಎಷ್ಟು ಆಳ ಅಂತ ಕೇಳುವ ಮೊದಲು

ಪೀಣ್ಯದಲ್ಲಿ ನನ್ನದು ಎನ್‌ಡಿಟಿ ಕೆಲಸ, ಅಂದರೆ ಪೀಸ್ ಒಡೆಯದೆ ಒಳಗಿನ ದೋಷ ಪರೀಕ್ಷಿಸುವುದು. ಗಿರಾಕಿಗಳು ಬಂದ ಕೂಡಲೇ ಕೇಳುವುದು ಒಂದೇ: "ಸಾರ್, ಕ್ರ್ಯಾಕ್ ಎಷ್ಟು ಡೀಪ್ ಇದೆ?" ಮೇಲ್ಮೈಯಲ್ಲಿ ಕ್ರ್ಯಾಕ್ ಇದೆಯೋ ಇಲ್ಲವೋ ಅನ್ನೋದಕ್ಕೆ ಡಿಪಿ ಟೆಸ್ಟ್ (ಬಿರುಕಿನೊಳಗೆ ಇಳಿಯುವ ಬಣ್ಣದ ದ್ರವ, ಅಂದರೆ ಪೆನೆಟ್ರೆಂಟ್, ಹಚ್ಚಿ ನೋಡುವುದು) ಸಾಕು. ಆಳ ಬೇಕಾಗುವುದು ಮುಂದಿನ ತೀರ್ಮಾನಕ್ಕೆ. ಸ್ವಲ್ಪವೇ ಇದ್ದರೆ ಗ್ರೈಂಡ್ ಮಾಡಿ ತೆಗೆಯಬಹುದು, ಜಾಸ್ತಿ ಇದ್ದರೆ ಜಾಬ್ (ಟೆಸ್ಟ್‌ಗೆ ತಂದ ಪೀಸ್) ರಿಜೆಕ್ಟ್.

ನಾವು ಬಿರುಕಿನ ಪಕ್ಕದಲ್ಲೇ ಲೇಸರ್‌ನಿಂದ ಒಂದು ಚುಕ್ಕೆಯಷ್ಟು ಜಾಗ ಬಿಸಿ ಮಾಡುತ್ತೇವೆ. ಬಿಸಿ ಸುತ್ತಲೂ ಹರಡುತ್ತದೆ. ಬಿರುಕು ಅಡ್ಡ ಬಂದರೆ ಕೆಳಗಿನಿಂದ ಬಳಸಿಕೊಂಡು ಹೋಗಬೇಕು. ಬಿರುಕು ಆಳವಾದಷ್ಟೂ ಆಚೆ ಬದಿ ತಡವಾಗಿ, ಕಡಿಮೆ ಬಿಸಿಯಾಗುತ್ತದೆ. ಆ ವ್ಯತ್ಯಾಸದಿಂದಲೇ ಆಳದ ಲೆಕ್ಕ. ಇದನ್ನು ನೋಡುವ ಥರ್ಮಲ್ ಕ್ಯಾಮೆರಾ ಒಳಗೆ ಇಣುಕುವುದಿಲ್ಲ, ಮೇಲ್ಮೈ ಬಿಸಿಯನ್ನಷ್ಟೇ ನೋಡುತ್ತದೆ.

ಬಿಸಿ ಎಷ್ಟು ಬೇಗ ಹರಡುತ್ತದೆ ಅನ್ನೋದು ಲೋಹದಿಂದ ಲೋಹಕ್ಕೆ ಬೇರೆ. ಅದಕ್ಕೇ ನಾನು ಮೊದಲು ಮೆಟೀರಿಯಲ್ ಯಾವುದು ಅಂತ ಕೇಳುತ್ತೇನೆ. ಲೇಸರ್ ಪವರ್ ಅನ್ನು ಸೆಕೆಂಡಿಗೆ ಒಂದು ಸಲ ಏರಿಸಿ ಇಳಿಸಿದರೆ, 304 ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಬಿಸಿಯ ಅಲೆ ಸುಮಾರು 1 ಮಿ.ಮೀ. ಇಳಿಯುವಷ್ಟರಲ್ಲಿ ಸೊರಗುತ್ತದೆ. 6061 ಅಲ್ಯೂಮಿನಿಯಂನಲ್ಲಿ 4 ಮಿ.ಮೀ. ದಾಟುತ್ತದೆ. ಸ್ಟೀಲ್‌ನಲ್ಲಿ 3 ಮಿ.ಮೀ. ಮುಟ್ಟಬೇಕಾದರೆ ಹತ್ತು ಸೆಕೆಂಡಿಗೊಂದು ಸಲದಷ್ಟು ನಿಧಾನ ಮಾಡಬೇಕು. ಅಲೆ ತಲುಪದ ಕಡೆ 5 ಮಿ.ಮೀ. ಬಿರುಕೂ ಒಂದೇ, 8 ಮಿ.ಮೀ. ಬಿರುಕೂ ಒಂದೇ. ಅಂಥಲ್ಲಿ ರಿಪೋರ್ಟ್‌ನಲ್ಲಿ "3 ಮಿ.ಮೀ.ಗಿಂತ ಜಾಸ್ತಿ" ಅಂತ ಬರೆದು ಬಿಡುತ್ತೇನೆ. ಗಿರಾಕಿ ಮುಖ ಗಂಟಿಕ್ಕುತ್ತಾರೆ. ಸರಿಯಾದ ನಂಬರೇ ಬೇಕೆಂದರೆ ಅಲ್ಟ್ರಾಸಾನಿಕ್ ಮಾಡಿಸಿ ಅಂತ ಕಳಿಸುತ್ತೇನೆ.

ಹೊಳೆಯುವ ಜಾಬ್‌ಗೆ ಮ್ಯಾಟ್ ಬ್ಲ್ಯಾಕ್ ಸ್ಪ್ರೇ ಹೊಡೆಯಲೇಬೇಕು. ಇಲ್ಲದಿದ್ದರೆ ಸ್ಕ್ರೀನ್‌ನಲ್ಲಿ ಕಾಣುವುದು ಆಪರೇಟರ್ ಮುಖ! ಹೊಸ ಹುಡುಗರು ಒಂದು ಸಲ ಬೆಚ್ಚಿಬೀಳುತ್ತಾರೆ.

ನಿಜವಾದ ತಲೆನೋವು ಕ್ಯಾಲಿಬ್ರೇಷನ್, ಅಂದರೆ ಆಳ ಗೊತ್ತಿರುವ ಪೀಸ್ ಇಟ್ಟು ಲೆಕ್ಕ ಹೊಂದಿಸುವುದು. ಎಲ್ಲರೂ ವೈರ್ ಕಟ್‌ನಲ್ಲಿ (ತಂತಿಯ ಕಿಡಿಯಿಂದ ಲೋಹ ಕತ್ತರಿಸುವ ಮೆಷಿನ್) ನಾಚ್, ಅಂದರೆ ಸಣ್ಣ ಕಚ್ಚು, ಹೊಡೆದ ಪೀಸ್ ತರುತ್ತಾರೆ. ಆ ನಾಚ್ ಅಗಲ, ಒಳಗೆಲ್ಲ ಗಾಳಿ, ಬಿಸಿ ದಾಟುವುದು ಕಷ್ಟ. ಮತ್ತೆ ಮತ್ತೆ ಲೋಡ್ ಬಿದ್ದು ಬಿಡುವ ಫೆಟೀಗ್ ಕ್ರ್ಯಾಕ್ ಹಾಗಲ್ಲ. ಒಂದು ಸ್ಟೇನ್‌ಲೆಸ್ ಬ್ರಾಕೆಟ್‌ಗೆ ನಾಚ್ ಲೆಕ್ಕದಲ್ಲಿ 1.2 ಮಿ.ಮೀ. ಬಂತು. ಕತ್ತರಿಸಿ, ರೆಸಿನ್‌ನಲ್ಲಿ ಕೂರಿಸಿ, ಪಾಲಿಶ್ ಮಾಡಿ ಮೈಕ್ರೋಸ್ಕೋಪ್‌ಗೆ ಇಟ್ಟೆವು. ಮೇಲೆ ಬಾಯಿ ಬಿಟ್ಟಿದ್ದ ಗೆರೆ ಕೆಳಗೆ ಹೋದಂತೆ ಕೂದಲೆಳೆಯಾಗಿ 2 ಮಿ.ಮೀ. ದಾಟಿತ್ತು. ಕೆಳಭಾಗದಲ್ಲಿ ಎರಡೂ ಮುಖಗಳು ಅಲ್ಲಲ್ಲಿ ತಾಗಿಕೊಂಡಿದ್ದವು. ಬಿಸಿ ಅಲ್ಲಿಂದಲೇ ಆಚೆ ದಾಟಿದೆ, ನಮಗೆ ಆಳ ಕಡಿಮೆ ಕಂಡಿದೆ. ಜಾಸ್ತಿ ತೋರಿಸಿದ್ದರೆ ಒಂದು ಪೀಸ್ ಸುಮ್ನೆ ಸ್ಕ್ರ್ಯಾಪ್ ಆಗುತ್ತಿತ್ತು ಅಷ್ಟೇ. ಕಡಿಮೆ ತೋರಿಸಿದರೆ ಕೆಟ್ಟ ಪೀಸ್ ಪಾಸಾಗಿ ಹೋಗುತ್ತದೆ ಅಲ್ವಾ?

ಈಗ ನಾಚ್ ಪೀಸ್ ಜೊತೆಗೆ, ಅದೇ ಜಾಬ್‌ನಲ್ಲಿ ನಿಜವಾಗಿ ಬಿರುಕು ಬಿಟ್ಟ ಸ್ಕ್ರ್ಯಾಪ್ ಪೀಸ್ ಒಂದನ್ನು ಕೇಳಿ ತರಿಸಿಕೊಳ್ಳುತ್ತೇನೆ. ಅದನ್ನು ಕತ್ತರಿಸಿ ನೋಡಿಯೇ ಮುಂದಿನ ಲೆಕ್ಕ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ: ಡಿಪಿ ಮಾಡಿಸಿಕೊಂಡು ಬರಬೇಡಿ. ಬಿರುಕಿನೊಳಗೆ ಉಳಿದ ಪೆನೆಟ್ರೆಂಟ್ ಗಾಳಿಗಿಂತ ಚೆನ್ನಾಗಿ ಬಿಸಿ ದಾಟಿಸುತ್ತದೆ. ಮೊದಲು ಥರ್ಮಲ್, ಆಮೇಲೆ ಡಿಪಿ. ಮಾಡಿಸಿಕೊಂಡೇ ಬಂದಿದ್ದರೆ ಸಾಲ್ವೆಂಟ್‌ನಲ್ಲಿ ತೊಳೆದು ಚೆನ್ನಾಗಿ ಒಣಗಿಸಬೇಕು. ಆ ದಿನ ರಿಪೋರ್ಟ್ ಸಿಗಲ್ಲ.