ಬೀಟೆಯ ಮೇಲೆ ಕಾಣದ ಹಳದಿ

ಹೋದ ವರ್ಷ ದಸರಾಕ್ಕೆ ಇನ್ನು ಹತ್ತು ದಿನ ಇತ್ತು. ಮಂಡ್ಯದ ಪೂಲ್ ಪಾರ್ಲರ್ ಅಣ್ಣ ಬಂದರು. ನಮ್ಮ ಬೆಂಚಿನ ಮೇಲೆ ನಾಲ್ಕು ಕ್ಯೂ, ಅಂದರೆ ಪೂಲ್ ಆಡುವ ಕೋಲು, ಸಾಲಾಗಿ ಇಟ್ಟೆವು. ಎರಡು, ಹಿಂದಿನ ವರ್ಷ ಅವರಿಗೆ ನಾವೇ ಮಾಡಿಕೊಟ್ಟದ್ದು. ಇನ್ನೆರಡು, ಅವತ್ತು ಒಯ್ಯಬೇಕಿದ್ದ ಹೊಸವು. ನಾಲ್ಕಕ್ಕೂ ಒಂದೇ ಡಿಸೈನ್. ಬೀಟೆ ಬಟ್ (ಹಿಂಬದಿಯ ದಪ್ಪ ಭಾಗ), ಬಿಳಿ ಮೇಪಲ್ ಫೋರ್‌ಆರ್ಮ್ (ಅದರ ಮುಂದಿನ ಭಾಗ), ನಾಲ್ಕು ಪಾಯಿಂಟ್ (ಬಿಳಿಯೊಳಗೆ ಚೂಪಾಗಿ ಏರುವ ಬೀಟೆ ಮೊನೆ), ಕೆಳಗೆ ಮಲ್ಲಿಗೆ ಮೊಗ್ಗಿನ ಕುಸುರಿ. "ಜೋಡಿಗೆ ಜೋಡಿ ಒಂದೇ ಥರ ಇರ್ಬೇಕು" ಅಂತ ಅವರು ಆರ್ಡರ್ ಕೊಡುವಾಗಲೇ ಹೇಳಿದ್ದರು. ಹೋಲಿಸಿ ನೋಡೋಕೆ ಅಂತಲೇ ಹಳೆಯದನ್ನೂ ತಂದಿದ್ದರು.

ಒಂದೇ ಥರ ಇರಲಿಲ್ಲ. ಹೊಸ ಎರಡರ ಮೇಪಲ್ ಹಾಲಿನ ಕೆನೆ ಹಾಗಿತ್ತು. ಹಳೇ ಎರಡು ಕಾಯಿಸಿದ ತುಪ್ಪದ ಬಣ್ಣಕ್ಕೆ ತಿರುಗಿದ್ದವು.

ಮೈಸೂರಿನ ಮೇಟಗಳ್ಳಿ ಹತ್ತಿರದ ಈ ಸಣ್ಣ ವರ್ಕ್‌ಶಾಪಿನಲ್ಲಿ ನಾನು ಒಂಬತ್ತು ವರ್ಷದಿಂದ ಫಿನಿಶಿಂಗ್ ನೋಡಿಕೊಳ್ಳುತ್ತಿದ್ದೇನೆ. ಸ್ಯಾಂಡಿಂಗ್, ಸೀಲರ್, ಎಪಾಕ್ಸಿ (ರೆಸಿನ್, ಹಾರ್ಡನರ್ ಎರಡನ್ನೂ ಕಲಸಿ ಹಚ್ಚುವ ಹೊಳಪಿನ ಲೇಪ), ಬಫಿಂಗ್, ಎಲ್ಲ ನನ್ನದೇ. ಅದಕ್ಕೇ ಎಲ್ಲರೂ ನನ್ನ ಮುಖ ನೋಡಿದರು. ಓನರ್ ಸರ್, ಅಣ್ಣ, ಲೇತ್ ಹುಡುಗ. ಕುಸುರಿ ಮೇಸ್ತ್ರಿ ಮಾತ್ರ ನನ್ನನ್ನು ನೋಡಲಿಲ್ಲ. ಅವರು ಕ್ಯೂ ನೋಡುತ್ತಿದ್ದರು.

ಹಳೇ ಕ್ಯೂ ಒಂದನ್ನು ಎತ್ತಿ ನಿಧಾನವಾಗಿ ತಿರುಗಿಸಿದೆ. ಹಳದಿ ಒಂದು ಮಗ್ಗುಲಿಗೆ ಜಾಸ್ತಿ ಇತ್ತು. ಇನ್ನೊಂದು ಮಗ್ಗುಲು ಪರವಾಗಿಲ್ಲ. ಮಧ್ಯದಲ್ಲಿ ಬೆರಳಗಲದ ಒಂದು ಬಿಳಿ ಪಟ್ಟಿ ಹಾಗೇ ಉಳಿದಿತ್ತು. ಅದು ಸ್ಟ್ಯಾಂಡಿನ ಕ್ಲಿಪ್ ಹಿಡಿದುಕೊಂಡಿದ್ದ ಜಾಗ.

"ಅಣ್ಣ, ಇದನ್ನ ಎಲ್ಲಿ ಇಡ್ತಿದ್ರಿ?"

"ಗೋಡೆ ಮೇಲೆ. ಪಕ್ದಲ್ಲೇ ಕಿಟ್ಕಿ ಅದೆ. ಸಾಯಂಕಾಲ ವಸಿ ಬಿಸ್ಲು ಬೀಳ್ತದೆ. ಗಾಜು ಅದಲ್ಲ ಅಂತ ಸುಮ್ನಿದ್ದೆ."

ನನಗೆ ಉತ್ತರ ಸಿಕ್ಕಿಬಿಟ್ಟಿತು ಅನ್ನಿಸಿತು. "ಇದು ಮರ ಅಣ್ಣ. ಮೇಪಲ್ ಬೆಳಕಿಗೆ ಬಣ್ಣ ತಿರುಗುತ್ತೆ. ಕ್ಲಿಪ್ ಇದ್ದ ಕಡೆ ನೋಡಿ, ಬಿಳಿಯಾಗೇ ಇದೆ. ಫಿನಿಶಿಂಗ್‌ದು ಏನೂ ತಪ್ಪಿಲ್ಲ." ಒಂದು ಚೂರೂ ತಡವರಿಸದೆ ಹೇಳಿದೆ. ಮೇಪಲ್ ಬೆಳಕಿಗೆ ಬಣ್ಣ ತಿರುಗುವುದು ನಿಜ. ನಿಜ ಇದ್ದದ್ದರಿಂದಲೇ ಅಷ್ಟು ಧೈರ್ಯವಾಗಿ ಹೇಳಿದೆ. ಓನರ್ ಸರ್ ತಕ್ಷಣ ತಲೆ ಆಡಿಸಿದರು. ಅಣ್ಣ ಏನೂ ಮಾತಾಡಲಿಲ್ಲ. ಕ್ಯೂ ವಾಪಸ್ ಇಸ್ಕೊಂಡು ಕಿಟಕಿ ಕಡೆ ಹಿಡಿದು ನೋಡುತ್ತಾ ನಿಂತರು.

ಆಗ ಮೇಸ್ತ್ರಿ ಎದ್ದು ಬಂದರು. "ಒಂದ್ ಚೂರು ಕೆರೆದು ನೋಡ್ಲಾ ಸ್ವಾಮಿ? ಆಮೇಲೆ ನಾವೇ ಸರಿ ಮಾಡಿಕೊಡ್ತೀವಿ" ಅಂದರು. ಅಣ್ಣ ಹೂಂ ಅಂದರು. ಹಳೇ ಹ್ಯಾಕ್ಸಾ ಬ್ಲೇಡ್ ಉಜ್ಜಿ ಮಾಡಿಕೊಂಡ ಸ್ಕ್ರೇಪರ್ ಯಾವಾಗಲೂ ಅವರ ಜೇಬಿನಲ್ಲಿ ಇರುತ್ತದೆ. ಜಾಯಿಂಟ್ ಕಾಲರಿನ (ಕ್ಯೂನ ಎರಡು ತುಂಡು ಸೇರುವ ಕಡೆಯ ಉಂಗುರ) ಕೆಳಗೆ, ಹಳದಿ ಜಾಸ್ತಿ ಇದ್ದ ಮಗ್ಗುಲಲ್ಲಿ ಕೆರೆಯತೊಡಗಿದರು. ಸಿಪ್ಪೆ ಸುರುಳಿ ಸುರುಳಿಯಾಗಿ ಎದ್ದು ಬಂತು. ಅದನ್ನೆಲ್ಲ ಒಂದು ಬಿಳಿ ಬಿಲ್ ಹಾಳೆಯ ಮೇಲೆ ಗುಡ್ಡೆ ಹಾಕಿದರು. ಯಾರೂ ಮಾತಾಡಲಿಲ್ಲ. ಲೇತ್ ಹುಡುಗ ಮೋಟಾರ್ ಆಫ್ ಮಾಡಿದ. ಎರಡೇ ನಿಮಿಷ ಇದ್ದಿರಬೇಕು. ನನಗೆ ಮಾತ್ರ ಅರ್ಧ ಗಂಟೆ ನಿಂತ ಹಾಗಾಯಿತು.

ಹಾಳೆಯ ಮೇಲಿನ ಸಿಪ್ಪೆ ಹಳದಿ. ಕೆರೆದ ಜಾಗದ ಮರ ಬಿಳಿ. ಹೊಸ ಕ್ಯೂಗಿಂತ ಒಂದು ಕೂದಲೆಳೆ ಕಂದು ಇರಬಹುದು, ಅಷ್ಟೇ.

"ಮರದ್ದಲ್ಲ ಕಣಮ್ಮ, ನಿನ್ ಎಪಾಕ್ಸಿದು" ಅಂದರು ಮೇಸ್ತ್ರಿ. ದನಿ ಏರಿಸಲಿಲ್ಲ. ಆಮೇಲೆ ಹೊಸ ಎರಡು ಕ್ಯೂ ತೋರಿಸಿ ಕೇಳಿದರು. "ಇವಕ್ಕೂ ಅದೇ ಹಾಕಿದೀಯಾ?"

ಹಾಕಿದ್ದೆ. ಅದೇ ಸಪ್ಲೈಯರ್, ಅದೇ ಕ್ಯಾನ್.

ಅಣ್ಣ ಜಗಳ ಆಡಲಿಲ್ಲ. "ನಾನು ಬಿಸ್ಲಲ್ ಇಟ್ಟಿದ್ದು ತಪ್ಪು ಅಂತೀರೇನೋ ಅಂದ್ಕಂಡಿದ್ದೆ" ಅಂದರು, ಅಷ್ಟೇ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಹೇಳಿದ್ದು ಹೆಚ್ಚು ಕಮ್ಮಿ ಅದನ್ನೇ ಅಲ್ವಾ?

ಅವರು ಟೀ ಕುಡಿಯಲು ಹೊರಗೆ ಹೋದಾಗ ಓನರ್ ಸರ್ ಹೇಳಿದರು: "ಹೊಸ ಎರಡು ಕೊಟ್ಟು ಕಳಿಸೋಣ. ಹಬ್ಬ ಮುಗೀಲಿ. ಹಳದಿ ಆದಾಗ ನೋಡ್ಕೊಳೋಣ." ನಾನು ಆಗಲ್ಲ ಸರ್ ಅಂದೆ. ಗೊತ್ತಿದ್ದೂ ಕೊಡೋದು ಬೇರೆ, ಗೊತ್ತಿಲ್ಲದೆ ಕೊಡೋದು ಬೇರೆ. ನಾಲ್ಕನ್ನೂ ಇಟ್ಟುಕೊಂಡೆವು.

ಅವತ್ತು ಸಾಯಂಕಾಲ ನನ್ನ ಡ್ರಾಯರ್ ತೆಗೆದು ಸ್ಯಾಂಪಲ್ ತುಂಡು ನೋಡಿದೆ. ಎರಡು ವರ್ಷದ ಹಿಂದೆ ಆ ಎಪಾಕ್ಸಿಯನ್ನು ಪಾಸ್ ಮಾಡಿದ್ದೇ ಆ ತುಂಡನ್ನು ನೋಡಿ. ಇವತ್ತಿಗೂ ಫಳಫಳ ಅನ್ನುತ್ತಿತ್ತು. ಯಾಕೆಂದರೆ ಅದು ಬೀಟೆ ತುಂಡು! ನಮ್ಮಲ್ಲಿ ಬೀಟೆ ಚೂರುಗಳಿಗೆ ಬರವಿಲ್ಲ. ಕೈಗೆ ಸಿಕ್ಕಿದ್ದರ ಮೇಲೆ ಹಚ್ಚಿದ್ದೆ. ಬೀಟೆಯ ಮೇಲೆ ಹಳದಿ ಕಾಣುವುದೇ ಇಲ್ಲ. ಕಂಡರೂ ಮರಕ್ಕೆ ಇನ್ನಷ್ಟು ಕಳೆ ಬಂದಂತೆ ಕಾಣುತ್ತದೆ. ಅದನ್ನೂ ಕತ್ತಲ ಡ್ರಾಯರಿನಲ್ಲಿ ಇಟ್ಟಿದ್ದೆ. ಬಿಳಿ ಮರಕ್ಕೆ ಹಾಕುವ ಫಿನಿಶ್ ಅನ್ನು ಕಪ್ಪು ಮರದ ಮೇಲೆ, ಬೆಳಕೇ ಬೀಳದ ಕಡೆ ಪರೀಕ್ಷೆ ಮಾಡಿದ್ದೆ.

ಕ್ಯಾನ್ ಮೇಲೆ 'ಕ್ರಿಸ್ಟಲ್ ಕ್ಲಿಯರ್' ಅಂತ ಇತ್ತು. ನಾನು ನಂಬಿದ್ದು ಅದನ್ನೇ. ಕ್ಲಿಯರ್ ಅಂದರೆ ಇವತ್ತು ನೀರಿನ ಹಾಗಿದೆ ಅಂತ ಅರ್ಥ. ಮುಂದಿನ ವರ್ಷವೂ ಹಾಗೇ ಇರುತ್ತದೆ ಅಂತ ಅಲ್ಲ. ನಾವು ಬಳಸುವ ಮಾಮೂಲಿ ಎಪಾಕ್ಸಿ ರೆಸಿನ್ ಬಿಸ್ಫೀನಾಲ್-ಎ ಇಂದ ಆದದ್ದು. ಅದು ಅಲ್ಟ್ರಾವೈಲೆಟ್ ಬೆಳಕನ್ನು ಹೀರಿಕೊಂಡು ನಿಧಾನಕ್ಕೆ ಹಳದಿ ಆಗುತ್ತದೆ. ಕಿಟಕಿ ಗಾಜು ಆ ಬೆಳಕನ್ನು ಪೂರ್ತಿ ತಡೆಯುವುದಿಲ್ಲ. ಹಾರ್ಡನರ್ ಕೂಡ ಅಷ್ಟೇ ಮುಖ್ಯ. ಅದು ಅಮೈನ್ ಅನ್ನೋ ರಾಸಾಯನಿಕ. ಗಾಳಿಗೆ, ಬಿಸಿಗೆ ತಾನೇ ಬಣ್ಣ ತಿರುಗುತ್ತದೆ, ಕತ್ತಲಲ್ಲಿದ್ದರೂ ಸ್ವಲ್ಪ ತಿರುಗುತ್ತದೆ. ಬೇಗ ಸೆಟ್ ಆಗಲಿ ಅಂತ ಫೀನಾಲ್ ಜಾತಿಯ ಸಾಮಾನು ಸೇರಿಸಿದ ಫಾಸ್ಟ್ ಹಾರ್ಡನರ್ ಇನ್ನೂ ಬೇಗ ಹಳದಿ ಆಗುತ್ತದೆ. ಹಳೇ ಜೋಡಿಯನ್ನು ನಾವು ಮಾಡಿದ್ದು ಆಷಾಢದ ಮಳೆಯಲ್ಲಿ. ಸ್ಲೋ ಹಾರ್ಡನರ್ ಒಣಗುತ್ತಿಲ್ಲ, ಮೇಲೆ ಜಿಡ್ಡು ಜಿಡ್ಡಾಗಿ ಬ್ಲಶ್ ಬರುತ್ತಿದೆ, ಡೆಲಿವರಿ ಲೇಟ್ ಆಗುತ್ತಿದೆ ಅಂತ ಓನರ್ ಸರ್ ಫಾಸ್ಟ್ ತಂದುಕೊಟ್ಟಿದ್ದರು. ನಾನೂ ಖುಷಿಯಾಗಿ ತೊಗೊಂಡಿದ್ದೆ.

ತಕ್ಕಡಿ ವಿಷಯ ಹೇಳದೆ ಇರೋಕೆ ಆಗಲ್ಲ. ನಮ್ಮಲ್ಲಿದ್ದದ್ದು ಅಡುಗೆಮನೆ ತಕ್ಕಡಿ. ಒಂದು ಗ್ರಾಮಿಗಿಂತ ಕಮ್ಮಿ ತೋರಿಸುವುದಿಲ್ಲ. ಒಂದು ಕ್ಯೂಗೆ ಒಂದು ಕೋಟ್ ಅಂದರೆ ನಾನು ಕಲಸುವುದು ಹತ್ತು ಗ್ರಾಮ್ ರೆಸಿನ್. ಆ ಕ್ಯಾನಿನ ಅಳತೆ ತೂಕದಲ್ಲಿ 100ಕ್ಕೆ 45. ಅಂದರೆ ಹಾರ್ಡನರ್ ನಾಲ್ಕೂವರೆ ಗ್ರಾಮ್. ಆ ಅರ್ಧ ಗ್ರಾಮನ್ನು ಎರಡು ವರ್ಷ ಕಣ್ಣಂದಾಜಿನಲ್ಲೇ ಹಾಕಿದ್ದೇನೆ. ಜಾಸ್ತಿ ಬಿದ್ದರೆ ಬೇಗ ಗಟ್ಟಿ ಆಗುತ್ತದೆ ಅಂತ ಸುಮಾರು ಜನ ತಿಳಿದಿದ್ದಾರೆ. ಹಾಗಲ್ಲ. ಜಾಸ್ತಿ ಬಿದ್ದ ಅಮೈನ್ ಸೇರಲು ಜೊತೆ ಸಿಗದೆ ಒಳಗೇ ಉಳಿದು ಹಳದಿ ಆಗುತ್ತದೆ. ಚಿನ್ನದ ಅಂಗಡಿಯವರು ಬಳಸುವಂಥ ತಕ್ಕಡಿ ಕೊಡಿಸಿ ಅಂತ ಮೂರು ಸಲ ಕೇಳಿದ್ದೆ. ಈ ಗಲಾಟೆ ಆದ ಮೇಲೆ ಒಂದೇ ದಿನದಲ್ಲಿ ಬಂತು.

ಹಳೇ ಎಪಾಕ್ಸಿ ತೆಗೆಯುವುದು ಹಾಕುವುದಕ್ಕಿಂತ ಕಷ್ಟ. ಥಿನ್ನರಿಗೆ ಕರಗುವುದಿಲ್ಲ. ಹೀಟ್ ಗನ್ ಹಿಡಿದರೆ ಕುಸುರಿಯ ಅಂಟು ಬಿಡುತ್ತದೆ. ಲೇತ್ ಮೇಲೆ ನಿಧಾನಕ್ಕೆ ತಿರುಗಿಸಿ 220, ಆಮೇಲೆ 320 ನಂಬರ್ ಸ್ಯಾಂಡ್ ಪೇಪರಿನಲ್ಲಿ ಉಜ್ಜಬೇಕು. ಕೋಟು ಕಾಲು ಮಿಲಿಮೀಟರ್ ಇದ್ದರೆ ಹೆಚ್ಚು. ಅದಕ್ಕಿಂತ ಒಳಗೆ ಹೋದರೆ ಫೋರ್‌ಆರ್ಮ್ ಕಾಲರಿಗಿಂತ ತಗ್ಗುತ್ತದೆ, ಉಗುರಿಗೆ ತಡೆಯುತ್ತದೆ. ಪಾಯಿಂಟುಗಳ ಉದ್ದವೂ ಏರುಪೇರಾಗುತ್ತದೆ. ಎರಡೆರಡು ಸುತ್ತಿಗೆ ನಿಲ್ಲಿಸಿ ಕ್ಯಾಲಿಪರ್ ಇಟ್ಟು ನೋಡಿದೆ.

ಅಷ್ಟೆಲ್ಲ ಜೋಪಾನ ಮಾಡಿದರೂ ಮೊದಲ ಕ್ಯೂನಲ್ಲಿ ಇನ್ನೊಂದು ಎಡವಟ್ಟಾಯಿತು. ಬೀಟೆ ಪುಡಿ ಮೇಪಲ್ ಒಳಗೆ ಕೂತು ಬಿಳಿ ಮರ ಗುಲಾಬಿ ಬಣ್ಣಕ್ಕೆ ಬಂತು. ಒರೆಸೋಣ ಅಂತ ಥಿನ್ನರ್ ಬಟ್ಟೆ ಎಳೆದೆ. ಬೀಟೆಯ ಬಣ್ಣ ಕರಗಿ ಪಾಯಿಂಟ್ ಅಂಚಿನಿಂದ ಬಿಳಿಗೆ ಹರಿಯಿತು. ಕೈ ಅಲ್ಲೇ ನಿಂತಿತು. ಮೇಸ್ತ್ರಿ ಬಟ್ಟೆ ಕಿತ್ತುಕೊಂಡರು. ಏರ್ ಗನ್ನಿನಲ್ಲಿ ಪುಡಿ ಊದಿಸಿ, ಕಲೆಯನ್ನು ಬರೀ ಸ್ಕ್ರೇಪರಿನಲ್ಲಿ ತೆಗೆದರು. ಆಮೇಲೆ ಮೇಣ ತೆಗೆದ ತೆಳು ಬಣ್ಣದ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಸಣ್ಣ ಬ್ರಷ್ಷಿನಲ್ಲಿ ಬರೀ ಬಿಳಿಯ ಮೇಲೆ ಮೊದಲು ಎಳೆದರು. ಅದು ಒಣಗಿದ ಮೇಲೆ ಬೀಟೆಗೆ. ಬಣ್ಣ ಹರಿಯುವುದು ನಿಂತಿತು. ಮೈಸೂರಿನಲ್ಲಿ ಅರಗು ಹೊಸದೇನಲ್ಲ. ಚುನಾವಣೆಯ ಶಾಯಿ ಮಾಡುವ ಮೈಲ್ಯಾಕ್ ಕೂಡ 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು. ಎಪಾಕ್ಸಿ ಬಂದ ಮೇಲೆ ಅರಗಿನ ಡಬ್ಬಿಯನ್ನು ನಾನು ಮೂಲೆಗೆ ತಳ್ಳಿದ್ದೆ. ಈಗ ಅದು ಬೆಂಚಿನ ಮೇಲೇ ಇದೆ.

ಹೊಸ ಫಿನಿಶ್ ಆರಿಸಲು ಆರು ತಿಂಗಳು ಹಿಡಿಯಿತು. ಅಣ್ಣನಿಗೆ ಫೋನ್ ಮಾಡಿ ಅವತ್ತು ತಪ್ಪು ಹೇಳಿದೆ, ಕ್ಷಮಿಸಿ, ಸಮಯ ಬೇಕು ಅಂದೆ. ಅಲ್ಲಿವರೆಗೆ ಆಡೋಕೆ ಎರಡು ಮಾಮೂಲಿ ಕ್ಯೂ ಕೊಟ್ಟೆವು. ಬಿಳಿ ಮೇಪಲ್ ಪಟ್ಟಿಗಳ ಮೇಲೆ ನಾಲ್ಕು ಬಗೆಯ ಎಪಾಕ್ಸಿ ಹಚ್ಚಿ, ಒಂದೊಂದರಲ್ಲೂ ಅರ್ಧಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ತಾರಸಿಯ ಮೇಲೆ ತೆಂಕಣ ಮುಖಕ್ಕೆ ಕಟ್ಟಿದೆ. ಐದನೇ ಪಟ್ಟಿಗೆ ಅರಗು, ಎಪಾಕ್ಸಿ, ಮೇಲೊಂದು ಬೇರೆ ಕ್ಲಿಯರ್. ಏನೂ ಹಚ್ಚದ ಪಟ್ಟಿ ಇನ್ನೊಂದು. ಮರದ ಪಾಲೆಷ್ಟು, ಎಪಾಕ್ಸಿಯ ಪಾಲೆಷ್ಟು ಅಂತ ಆ ಬರೀ ಪಟ್ಟಿಯಿಂದಲೇ ಗೊತ್ತಾಗಬೇಕು. ಆ ಪಟ್ಟಿ ಇಲ್ಲದಿದ್ದರೆ ನಾನು ಮತ್ತೆ ಮರವನ್ನೇ ಬೈಯುತ್ತಿದ್ದೆ.

ಮಾರ್ಚಿನ ಬಿಸಿಲು ಮುಗಿಯುವ ಹೊತ್ತಿಗೆ ನಾಲ್ಕೂ ಬಣ್ಣ ತಿರುಗಿದ್ದವು. ಯುವಿ (ಅಲ್ಟ್ರಾವೈಲೆಟ್) ಸ್ಟೆಬಿಲೈಸರ್ ಇದ್ದದ್ದು ಕಮ್ಮಿ, ಹಳೇದು ಜಾಸ್ತಿ, ಅಷ್ಟೇ ವ್ಯತ್ಯಾಸ. ಹಳದಿಯೇ ಆಗದ ಎಪಾಕ್ಸಿ ನನಗೆ ಸಿಗಲಿಲ್ಲ. ಐದನೇ ಪಟ್ಟಿಯೊಂದೇ ಫಾಯಿಲ್ ಒಳಗೂ ಹೊರಗೂ ಹೆಚ್ಚು ಕಮ್ಮಿ ಒಂದೇ ಥರ ಇತ್ತು. ಅದಕ್ಕೆ ಅರಗಿನ ಸೀಲರ್, ಸ್ಲೋ ಹಾರ್ಡನರಿನ ಎಪಾಕ್ಸಿ ಎರಡು ತೆಳು ಕೋಟ್, ಮೇಲೆ ಕಾರಿಗೆ ಹೊಡೆಯುವ ಎರಡು ಪಾರ್ಟಿನ ಪಿಯು (ಪಾಲಿಯುರೆಥೇನ್) ಕ್ಲಿಯರ್ ಹಾಕಿದ್ದೆ. ಆ ಕ್ಲಿಯರಿನಲ್ಲಿ ಅಲ್ಟ್ರಾವೈಲೆಟ್ ಹೀರುವ ಸಾಮಾನು ಇರುತ್ತದೆ. ಎಪಾಕ್ಸಿಗೆ ಅದು ಕೊಡೆ ಹಿಡಿದ ಹಾಗೆ.

ಏಪ್ರಿಲಿನಲ್ಲಿ ನಾಲ್ಕೂ ಕ್ಯೂ ಮಂಡ್ಯಕ್ಕೆ ಹೋದವು. ಅಣ್ಣ ಸ್ಟ್ಯಾಂಡನ್ನು ಕಿಟಕಿಯಿಂದ ಎದುರು ಗೋಡೆಗೆ ತಾವೇ ಬದಲಾಯಿಸಿದ್ದರು. ಕೆರೆದ ಜಾಗ ಎಲ್ಲಿತ್ತು ಅಂತ ಹುಡುಕಿದರು. ಸಿಗಲಿಲ್ಲ.

ಪಿಯು ಹಾರ್ಡನರಿನಲ್ಲಿ ಐಸೊಸಯನೇಟ್ ಅನ್ನೋ ರಾಸಾಯನಿಕ ಇರುತ್ತದೆ. ಅದರ ಮಂಜು ಉಸಿರಿಗೆ ಹೋದರೆ ಜೀವನಪೂರ್ತಿ ಆಸ್ತಮಾ ಅಂಟಿಕೊಳ್ಳಬಹುದು. ಬಟ್ಟೆ ಮಾಸ್ಕ್ ಸಾಲುವುದಿಲ್ಲ. ನಮ್ಮಲ್ಲಿ ಸ್ಪ್ರೇ ಬೂತ್ ಇಲ್ಲ, ಎಕ್ಸಾಸ್ಟ್ ಕೂಡ ಇಲ್ಲ. ಹಾಗಾಗಿ ಕ್ಯೂಗಳನ್ನು ಪಿವಿಸಿ ಪೈಪಿನಲ್ಲಿ ಹಾಕಿ, ಸ್ಕೂಟರಿಗೆ ಕಟ್ಟಿ, ಗುರುತಿನ ಬಾಡಿ ಶಾಪಿಗೆ ಒಯ್ದು ಹೊಡೆಸುತ್ತಿದ್ದೇನೆ. ಬೂತ್ ಬೇಕು ಅಂತ ಓನರ್ ಸರ್‌ಗೆ ಬರೆದುಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಐದನೇ ಪಟ್ಟಿ ತಾರಸಿ ಮೇಲೆ ಹಾಗೇ ಇದೆ, ಇನ್ನೊಂದು ಬೇಸಿಗೆ ನೋಡಬೇಕು ಅಂತ ಬಿಟ್ಟಿದ್ದೇನೆ.