ಪಾತ್ರೆ ತೊಳೆಯುವ ಶಾಟ್ ಯಾಕೆ ಕತ್ತರಿಸಲ್ಲ

ಸಾಕ್ಷ್ಯಚಿತ್ರಗಳನ್ನು ಎಡಿಟ್ ಮಾಡುವುದು ನನ್ನ ಕೆಲಸ. ದುಡಿಯುವ ಹೆಂಗಸರ ಬಗ್ಗೆ ಫೂಟೇಜ್ ಬಂದರೆ ಮುಕ್ಕಾಲು ಪಾಲು ಸಂದರ್ಶನವೇ ಇರುತ್ತದೆ. ಕ್ಯಾಮೆರಾ ಮುಂದೆ ಎಲ್ಲರೂ ಒಂದೇ ಥರ ಮಾತಾಡ್ತಾರೆ: ಕಷ್ಟ ಇದೆ, ಆದ್ರೂ ಪರವಾಗಿಲ್ಲ. ಹೊಸ ನಿರ್ದೇಶಕರು ಬಂದಾಗ ಮೊದಲು ಅವರನ್ನು ಕೂರಿಸಿ ಪೋಲೆಂಡಿನ ಒಂದು ಪುಟ್ಟ ಚಿತ್ರ ತೋರಿಸುತ್ತೇನೆ. ಕ್ರಿಸ್ಟೀನಾ ಗ್ರಿಚೆವೊಫ್‌ಸ್ಕಾ 1967ರಲ್ಲಿ ಮಾಡಿದ ‘ಯಾದ್ವಿಗಾ ಎಲ್. ಅವರ 24 ಗಂಟೆ’.

ಯಾದ್ವಿಗಾಗೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಮನೆಗೆ ಬಂದರೆ ಮನೆಯ ಪಾಳಿ ಶುರು. ಅದು ಮುಗಿಯುವಷ್ಟರಲ್ಲಿ ಮತ್ತೆ ಕಾರ್ಖಾನೆಗೆ ಹೊರಡಬೇಕು. ನಿದ್ದೆ ಎಷ್ಟು ಹೊತ್ತು ಅಂತ ನೋಡುವವರೇ ಲೆಕ್ಕ ಹಾಕಲು ಶುರು ಮಾಡುತ್ತಾರೆ. ಹೆಣ್ಣು ಗಂಡು ಸಮಾನ ಎಂದು ಅಲ್ಲಿನ 1952ರ ಸಂವಿಧಾನದಲ್ಲೇ ಬರೆದಿತ್ತು. ಮಾರ್ಚ್ 8 ಬಂದರೆ ಕೆಲಸದ ಜಾಗದಲ್ಲಿ ಹೆಂಗಸರ ಕೈಗೆ ಕಾರ್ನೇಷನ್ ಹೂವು. ಅಡುಗೆಮನೆ ಮಾತ್ರ ಅವಳ ತಲೆಗೇ. ಪೂರ್ವ ಜರ್ಮನಿಯಲ್ಲಂತೂ ತಿಂಗಳಿಗೊಂದು ದಿನ, ಸಂಬಳ ಸಹಿತ, ‘ಮನೆಗೆಲಸದ ರಜೆ’ ಇತ್ತು. ಕೊಡುತ್ತಿದ್ದದ್ದು ಹೆಂಗಸರಿಗೆ! ಗಂಡಸರಿಗೆ ಸಿಕ್ಕಿದ್ದು ತಡವಾಗಿ, ಅದೂ ಕೆಲವರಿಗಷ್ಟೇ. ಮನೆಗೆಲಸ ಯಾರದು ಅಂತ ಕಾನೂನೇ ತೀರ್ಮಾನ ಮಾಡಿಬಿಟ್ಟಿತ್ತು, ಅಲ್ವಾ?

ಇದನ್ನೆಲ್ಲ ವಾಯ್ಸ್ ಓವರ್‌ನಲ್ಲಿ ಹೇಳಿಸಬಹುದು. ಆದರೆ ಸುಸ್ತನ್ನು ಹೇಳಿಸೋಕಾಗಲ್ಲ. ಅದಕ್ಕೆ ಪರದೆ ಮೇಲೆ ಸಮಯ ಕೊಡಬೇಕು.

ಹಾಗಂತ ಮಾತೇ ಬೇಡ ಅಂತಲ್ಲ. ನಿರ್ದೇಶಕಿ ಹೆಲ್ಕೆ ಮಿಸೆಲ್‌ವಿಟ್ಸ್ ಪೂರ್ವ ಜರ್ಮನಿಯ ದಕ್ಷಿಣದಿಂದ ಬಾಲ್ಟಿಕ್ ಕಡಲಿನವರೆಗೆ ರೈಲಿನಲ್ಲಿ ಹೋಗುತ್ತಾ, ದಾರಿಯಲ್ಲಿ ಸಿಕ್ಕ ಹೆಂಗಸರನ್ನು ಮಾತಾಡಿಸಿದರು. 1988ರ ‘ವಿಂಟರ್ ಆಡೆ’ ಆ ಚಿತ್ರ. ಬರ್ಲಿನ್ ಗೋಡೆ ಬೀಳುವುದಕ್ಕೆ ಇನ್ನೊಂದು ವರ್ಷ ಇತ್ತು. ಮದುವೆ, ಮಕ್ಕಳು, ಒಂಟಿತನ, ಎಲ್ಲವೂ ಮಾತಿನಲ್ಲಿ ಬರುತ್ತದೆ. ಆದರೂ ಕಲ್ಲಿದ್ದಲು ಇಟ್ಟಿಗೆ ಕಾರ್ಖಾನೆಯ ಹೆಂಗಸೊಬ್ಬರು ಸುತ್ತಿಗೆ ಹಿಡಿದು ಕೊಳವೆಗಳನ್ನು ಬಡಿಯುವ ದೃಶ್ಯವೇ ನನ್ನ ಕಿವಿಯಲ್ಲಿ ಉಳಿದಿದೆ. ಆ ಸದ್ದು ಕೇಳಿದ ಮೇಲೆ ಅವರ ಸಾದಾ ಮಾತೂ ಬೇರೆ ಥರ ಕೇಳಿಸುತ್ತದೆ.

ಅದಕ್ಕೇ ಈಗ ಶೂಟಿಂಗ್‌ಗೆ ಮುಂಚೆಯೇ ಕೇಳಿಕೊಳ್ಳುತ್ತೇನೆ: ಪಾಳಿ ಮುಗಿದ ಮೇಲೆ ಕ್ಯಾಮೆರಾ ಆಫ್ ಮಾಡಬೇಡಿ. ಅಂಗಡಿ, ಒಲೆ, ಸಿಂಕ್ ಎಲ್ಲ ಬರಲಿ. ಲೊಕೇಶನ್ ಸೌಂಡ್ ಬೇರೆಯಾಗಿ ಜಾಸ್ತಿ ಹಿಡಿಯಿರಿ, ಮ್ಯೂಸಿಕ್ ಆಮೇಲೆ ನೋಡೋಣ. ದುಡ್ಡು ಕೊಡುವವರಿಗೆ ಇದು ಸುಲಭಕ್ಕೆ ಹಿಡಿಸಲ್ಲ. ಒಂದು ಚಿತ್ರದಲ್ಲಿ ಪಾತ್ರೆ ತೊಳೆಯುವ ಶಾಟ್ ಬೋರ್ ಅಂದರು. ಬೋರ್ ಆಗಲಿ ಅಂತಲೇ ಇಟ್ಟಿದ್ದೇನೆ ಅಂದೆ. ಚೌಕಾಸಿ ಮಾಡಿ ಅರ್ಧ ಉಳಿಸಿಕೊಂಡೆ.