ಸತುವಿನ ಹತ್ತು ಫೆನಿಗ್

ಜರ್ಮನಿಯ ನೋಟ್‌ಗೆಲ್ಡ್, ಅಂದರೆ ಆಪತ್ಕಾಲದ ಹಣ ಎಂದೊಡನೆ ನಾಣ್ಯ ಸಂಗ್ರಾಹಕರು ಮೈಸೆನ್ ಪಿಂಗಾಣಿ ಕಾರ್ಖಾನೆಯ ಕಂದು ನಾಣ್ಯಗಳ ಬೆನ್ನು ಹತ್ತುತ್ತಾರೆ. ಅವು ಚೆಂದವೇ. ಆದರೆ ಅವುಗಳಲ್ಲಿ ಎಷ್ಟೋ ನೇರವಾಗಿ ಸಂಗ್ರಾಹಕರ ಪೆಟ್ಟಿಗೆ ಸೇರಿದಂಥವು. ನನಗೆ ಪ್ರೀತಿ ಇರುವುದು ಕಾರ್ಖಾನೆಗಳು ಕೂಲಿ ಬಟವಾಡೆಗೆಂದು ಒತ್ತಿಸಿದ ಮಂಕು ಸತುವಿನ, ಕಬ್ಬಿಣದ ಬಿಲ್ಲೆಗಳ ಮೇಲೆ.

1914ರಲ್ಲಿ ಯುದ್ಧ ಶುರುವಾದಾಗ ಜನ ಬೆಳ್ಳಿ ನಾಣ್ಯಗಳನ್ನು ಬಚ್ಚಿಟ್ಟರು. ತಾಮ್ರ, ನಿಕ್ಕಲ್ ಎರಡೂ ಮದ್ದುಗುಂಡಿನ ಪಾಲಾದವು. ಸರ್ಕಾರ 1915ರಿಂದ ಕಬ್ಬಿಣದ ಐದು ಫೆನಿಗ್ (ನೂರು ಫೆನಿಗ್ ಸೇರಿದರೆ ಜರ್ಮನಿಯ ಒಂದು ಮಾರ್ಕ್), ಮರುವರ್ಷ ಅಲ್ಯೂಮಿನಿಯಂನ ಒಂದು ಫೆನಿಗ್ ತಂದರೂ ಚಿಲ್ಲರೆ ಸಾಲಲಿಲ್ಲ. ಒಬ್ಬನ ವಾರದ ಕೂಲಿ 27 ಮಾರ್ಕ್ 35 ಫೆನಿಗ್ ಎಂದಿಟ್ಟುಕೊಳ್ಳಿ. ಮಾರ್ಕಿಗೆ ನೋಟು ಉಂಟು. ಆ 35 ಫೆನಿಗ್‌ಗೆ ಏನು ಮಾಡುವುದು? ಸಾವಿರಾರು ಜನರಿಗೆ ಸಂಬಳ ಎಣಿಸಬೇಕಾದ ಕಂಪನಿಗಳು ನ್ಯೂರೆಂಬರ್ಗ್‌ನ ಲಾವರ್‌ನಂಥ ಖಾಸಗಿ ಟಂಕಶಾಲೆಗಳಿಂದ ತಮ್ಮದೇ ಚಿಲ್ಲರೆ ಮಾಡಿಸಿಕೊಂಡವು.

ನನ್ನಲ್ಲಿರುವುದು ಒಂದು ನೇಯ್ಗೆ ಗಿರಣಿಯ ಎಂಟು ಮೂಲೆಯ ಬಿಲ್ಲೆ. ಒಂದು ಬದಿಯಲ್ಲಿ ಗಿರಣಿಯ ಹೆಸರು, ಇನ್ನೊಂದು ಬದಿಯಲ್ಲಿ ಮಣಿಸಾಲಿನ ನಡುವೆ 10. ಮಣಿಗಳು ಒಂದು ಕಡೆ ಪೂರ್ತಿ ಸವೆದಿವೆ, ಸೊನ್ನೆಯ ಒಳಗೆ ಸತುವಿನ ಬಿಳಿ ಪುಡಿ ಕೂತಿದೆ. ಆ ಸವೆತವನ್ನು ನೋಡಿದಷ್ಟೂ ನನಗೆ ಸಾಲದು. ಇದನ್ನು ಯಾರೋ ದುಡಿದು ಪಡೆದಿದ್ದಾರೆ, ಯಾರದೋ ಜೇಬಿನಲ್ಲಿ ಕೀಲಿಕೈಗೆ ಉಜ್ಜಿಕೊಂಡು ಓಡಾಡಿದೆ.

ಇಂಥ ಬಿಲ್ಲೆಗಳು ಕಂಪನಿಯ ಕ್ಯಾಂಟೀನಿನಲ್ಲಿ, ಅದರ ಮಾತನ್ನು ನಂಬುವ ಅಕ್ಕಪಕ್ಕದ ಅಂಗಡಿಗಳಲ್ಲಿ ನಡೆಯುತ್ತಿದ್ದವು. ಪಕ್ಕದ ಊರಿಗೆ ಹೋದರೆ ಬರೀ ತಗಡು. ದುಡಿದವನ ಕೂಲಿಯ ಒಂದು ಪಾಲು ಹೀಗೆ ಮಾಲೀಕನ ಬೇಲಿಯ ಸುತ್ತಲೇ ಸುತ್ತುತ್ತಿತ್ತು ಎಂಬುದು ನನಗೆ ಸಂಕಟದ ವಿಷಯ. ಚಿಲ್ಲರೆಯಿಲ್ಲದೆ ಬಾಕಿ ಉಳಿಯುವುದಕ್ಕಿಂತ ಇದು ವಾಸಿ ಎಂಬುದೂ ನಿಜವೇ.

ಯುದ್ಧ ಮುಗಿದ ಮೇಲೆ ಹಣದುಬ್ಬರ ಏರುತ್ತಲೇ ಹೋಗಿ, 1923ರ ನವೆಂಬರ್ ಹೊತ್ತಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಫೆನಿಗ್ ಲೆಕ್ಕಕ್ಕೇ ಇಲ್ಲವಾಯಿತು.

ಇಂಥದ್ದು ನಿಮಗೆ ಸಿಕ್ಕರೆ ದಯವಿಟ್ಟು ಹಿತ್ತಾಳೆ ಪಾತ್ರೆಯ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹುಳಿ ಸತುವನ್ನು ತಿಂದುಹಾಕುತ್ತದೆ, ಅಕ್ಷರಗಳೂ ಹೋಗುತ್ತವೆ. ಒಣ ಬಟ್ಟೆಯಲ್ಲಿ ಒರೆಸಿ, ತೇವ ತಾಗದ ಕಡೆ ಇಡಿ.